ಅಳತೆಯ ಕಾಲು

ಚಿಯುಪಿಂಗ್ ಇನ್ನೂ ಶೂ ಬಿಚ್ಚಿರಲಿಲ್ಲ, ಅಷ್ಟರಲ್ಲೇ ಜ್ವಾಂಗ್ ಮೇಸ್ತ್ರಿ ಗರಗಸದ ಸ್ವಿಚ್ಚು ಹಾಕಿದ.

"ಬೇಗ ಬಿಚ್ಚಮ್ಮ. ಊಟದ ಹೊತ್ತಿಗೆ ಕೊಯ್ದು ಮೇಲೆ ಕಳಿಸ್ಬೇಕು."

ಜಿನ್‌ಜಿಯಾಂಗ್‌ನ ಆ ಶೂ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ: ಹೊಸ ಮಾದರಿಯ ಶೂಗಳಿಗೆ ಕಾಲು ಕೊಡುವುದು. ಅಲ್ಲಿ ಹೆಂಗಸರ ಶೂಗಳೆಲ್ಲ ಮೊದಲು ಇಪ್ಪತ್ತಮೂರು ಸೆಂಟಿಮೀಟರಿನಲ್ಲಿ ಹುಟ್ಟುತ್ತವೆ. ಅವಳದು ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಇಪ್ಪತ್ತಮೂರು. ತೊಟ್ಟು ನಡೆದು, ಯಂತ್ರದ ಪಟ್ಟಿಯ ಮೇಲೆ ಓಡಿ, ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ಹೇಳಬೇಕು. ಆಮೇಲೆ ಒಳಗು ಹೇಗಿದೆಯೆಂದು ನೋಡಲು ಶೂವನ್ನು ಉದ್ದಕ್ಕೆ ಸೀಳುತ್ತಾರೆ. ಒಂದು ಜೊತೆಯೂ ಗೇಟು ದಾಟುವಂತಿಲ್ಲ. ಅವಳ ಕಾಲೂ ಕೆಡುವಂತಿಲ್ಲ. ಬರಿಗಾಲಲ್ಲಿ ನಡೆಯಬಾರದು, ಹೈಹೀಲ್ಡು ಹಾಕಬಾರದು, ಪ್ರತಿ ಸೋಮವಾರ ಅಳತೆ.

ಇವತ್ತಿನದು ಶಾಲೆಯ ಓಟದ ಪರೀಕ್ಷೆಗೆಂದೇ ಮಾಡಿದ ಶೂ. ಒಂಬತ್ತನೇ ತರಗತಿಯ ಹುಡುಗಿಯರು ಎಂಟುನೂರು ಮೀಟರ್ ಓಡಬೇಕು. ಓಟದ ಅಂಕವೂ ಸೇರಿದರೇ ಅಲ್ಲಿ ಹತ್ತನೆಯಿಂದ ಶುರುವಾಗುವ ಹೈಸ್ಕೂಲಿಗೆ ದಾರಿ. ಇಲ್ಲವಾದರೆ ಕಸುಬಿನ ಶಾಲೆ, ಅಲ್ಲಿಂದ ನೇರ ಕಾರ್ಖಾನೆ. ಚಿಯುಪಿಂಗಳ ಮಗಳು ಶ್ಯಾವ್‌ಮಾನ್ ಪೂರ್ತಿ ಅಂಕದ ವೇಳೆಗಿಂತ ಆರು ಸೆಕೆಂಡು ತಡವಾಗಿ ಗೆರೆ ಮುಟ್ಟುತ್ತಿದ್ದಳು. ಈ ಶೂವಿನ ಅಟ್ಟೆಯೊಳಗೆ ಒಂದು ಗಟ್ಟಿ ಪಟ್ಟಿ ಇದೆ, ಊರಿದ ಹೆಜ್ಜೆಯನ್ನು ಅದೇ ಮುಂದಕ್ಕೆ ಚಿಮ್ಮಿಸುತ್ತದೆ. ಆರಲ್ಲ, ಎಂಟು ಸೆಕೆಂಡು ಉಳಿಸುತ್ತದೆ ಎಂದು ಚಿಯುಪಿಂಗಳ ಕಾಲಿಗೆ ಗೊತ್ತಾಗಿತ್ತು.

"ಮೇಸ್ತ್ರೀ, ಶನಿವಾರ ಮಗಳ ಓಟ. ಇದೊಂದು ಜೊತೆ ಸೋಮವಾರ ಕೊಯ್ಯಿರಿ. ನಾನೇ ವಾಪಸ್ ತಂದಿಡ್ತೀನಿ."

"ಹೋದ್ವರ್ಷದ್ದು ಅಂಗಡೀಲಿ ರಾಶಿ ಬಿದ್ದಿದೆ. ತಗೊಂಡು ಕೊಡು."

"ಅರ್ಧ ತಿಂಗಳ ಸಂಬಳ ಅದು. ಮನೆ ಬಾಡಿಗೆ ಯಾರು ಕಟ್ತಾರೆ, ನಿಮ್ಮಪ್ಪನಾ? ಅದಕ್ಕೂ ಕಾಲು ಕೊಟ್ಟೋಳು ನಾನೇ ಅಲ್ವಾ?"

ಮೇಸ್ತ್ರಿ ನಕ್ಕ. "ಬಾಯಿಗೇನೂ ಕಮ್ಮಿಯಿಲ್ಲ. ನಿನ್ನ ಕಾಲಿನ ಶೂ ಆ ಹುಡುಗಿಗೆ ಎಲ್ಲಾಗ್ತದೆ?"

"ಯಾಕಾಗಲ್ಲ? ಅವಳದೂ ಸರಿಯಾಗಿ ಇಪ್ಪತ್ಮೂರು! ಅಗಲಾನೂ ನಂದೇ. ಕಣ್ಮುಚ್ಕೊಂಡು ಹಾಕ್ಕೋತಾಳೆ."

ಮೇಸ್ತ್ರಿಯ ನಗು ನಿಂತಿತು. ತಾನು ಆಡಿದ್ದು ಏನೆಂದು ಚಿಯುಪಿಂಗಳಿಗೆ ಹೊಳೆದದ್ದು ಆಗಲೇ.

"ನಿನ್ನ ಹೆಬ್ಬೆರಳ ಗಂಟು ಊದಿದೆ," ಅವನು ದನಿ ತಗ್ಗಿಸಿದ. "ಎರಡು ಸೋಮವಾರದಿಂದ ನಾನೇ ಮುಚ್ಚಿಟ್ಟಿದೀನಿ. ಮೇಲಿನೋರು ಹೊಸ ಕಾಲು ಹುಡುಕು ಅಂತ ತಲೆ ತಿಂತಿದಾರೆ. ನಿನ್ನ ಮಗಳಿಗೆ ಕೆಲಸಕ್ಕೆ ಸೇರೋ ವಯಸ್ಸು, ಹದಿನಾರು, ಯಾವಾಗ ತುಂಬ್ತದೆ?"

"ಅವಳು ಓದ್ತಾಳೆ."

"ಓದ್ಲಿ, ನಾನೇನು ಬೇಡ ಅಂದ್ನಾ? ಓಟ ಸೋತ್ರೂ ಒಂದು ದಾರಿ ಇದೆ ಅಂದೆ, ಅಷ್ಟೆ. ಅಂಥ ಕಾಲು ಸಾವಿರಕ್ಕೊಂದು ಸಿಗಲ್ಲ, ಚಿಯುಪಿಂಗ್. ಸುಮ್ನೆ ಓಡಿಸಿ ಓಡಿಸಿ ಹಾಳ್ಮಾಡ್ಬೇಡ." ಅವನು ಜೇಬಿನ ಪುಸ್ತಕ ತೆಗೆದು ಬರೆದುಕೊಂಡ: ಚಿಯುಪಿಂಗ್ ಮಗಳು, ೨೩.

ಚಿಯುಪಿಂಗ್ ಎದ್ದಳು. ಶೂ ತೊಟ್ಟ ಬಲಗಾಲನ್ನೆತ್ತಿ, ಕಿರುಗುಡುತ್ತಿದ್ದ ಗರಗಸಕ್ಕೆ ಗೇಣುದೂರದಲ್ಲಿ, ಕಬ್ಬಿಣದ ಮೇಜಿನ ಮೇಲೆ ಇಟ್ಟಳು.

"ಹಿಂಗೇ ಕೊಯ್ಯಿರಿ. ಒಳಗೇನಿದೆ ಅಂತ ಮೇಲಿನೋರು ನೋಡ್ಬೇಕಲ್ವಾ? ಪೂರ್ತಿ ನೋಡ್ಲಿ."

ಮೇಸ್ತ್ರಿ ತಡವರಿಸುತ್ತ ಸ್ವಿಚ್ಚು ಆರಿಸಿದ. "ತಲೆ ಕೆಟ್ಟಿದ್ಯಾ ನಿಂಗೆ? ನಾನೂ ಹೆಂಡ್ತಿ ಮಕ್ಕಳಿರೋನು!"

"ಬರೆದಿದ್ದು ಹರೀರಿ."

ಹರಿದ. ಹಾಳೆಯನ್ನು ಮುದ್ದೆ ಮಾಡಿ ಅವಳ ಕೈಗೇ ಕೊಟ್ಟ. ಆದರೆ ಇಪ್ಪತ್ತಮೂರು ಎಂಬುದು ಆ ಕಾರ್ಖಾನೆಯಲ್ಲಿ ಯಾರೂ ಮರೆಯುವಂಥ ಸಂಖ್ಯೆಯಲ್ಲ. ಅವಳು ದಾರ ಸಡಿಲಿಸಿ ಶೂ ಕಳಚಿಟ್ಟು ಹೊರಟಳು. ಮೆಟ್ಟಿಲು ತಲುಪುವಷ್ಟರಲ್ಲಿ ಗರಗಸ ರಬ್ಬರಿಗೆ ಹಲ್ಲೂರಿದ ಸದ್ದು ಕೇಳಿಸಿತು.

ಶನಿವಾರ ಶಾಲೆಯ ಬೇಲಿಗೆ ತಾಯಂದಿರು ನೀರಿನ ಬಾಟಲಿ ಹಿಡಿದು ಒತ್ತಿಕೊಂಡು ನಿಂತಿದ್ದರು. ಗೆರೆಯ ಮೇಲೆ ಎಂಟು ಹುಡುಗಿಯರು. ಆರು ಜನರ ಕಾಲಲ್ಲಿ ಹೋದ ವರ್ಷದ ಮಾದರಿ. ಕಿರುಬೆರಳ ಪಕ್ಕದಲ್ಲಿ ಮೆತ್ತಗಿನ ಬಟ್ಟೆಯ ತೇಪೆಯೊಂದಿತ್ತು. ಅಲ್ಲಿ ಕಚ್ಚುತ್ತದೆ ಎಂದು ಹೇಳಿದವಳು ಚಿಯುಪಿಂಗ್. ಹಾಗೆ ಹೇಳುವ ಮುಂಚೆ ಮೂರು ದಿನ ರಕ್ತ ಒರೆಸಿಕೊಂಡು ಓಡಿದ್ದಳು. ಈಗ ಆ ಆರು ಹುಡುಗಿಯರಿಗೆ ಅದು ಕಚ್ಚುವುದಿಲ್ಲ. ಗೆರೆಯ ತುದಿಯಲ್ಲಿ ಶ್ಯಾವ್‌ಮಾನ್ ಕ್ಯಾನ್ವಾಸ್ ಶೂವಿನ ತುಂಡಾದ ದಾರಕ್ಕೆ ಗಂಟು ಹಾಕುತ್ತಿದ್ದಳು.

ಸೀಟಿ ಮೊಳಗಿತು.

"ಮುದ್ದೂ, ಹುಷಾರು, ಕಾಲು ನೋಡ್ಕೋ!" ಪಕ್ಕದ ಹೆಂಗಸು ತನ್ನ ಮಗಳನ್ನು ಕೂಗಿದಳು.

ಚಿಯುಪಿಂಗ್ ಎರಡು ಕೈಯಲ್ಲೂ ಕಂಬಿ ಹಿಡಿದು, ಗಂಟಲು ಹರಿಯುವಂತೆ ಕಿರುಚಿದಳು:

"ಓಡೇ ಶ್ಯಾವ್‌ಮಾನ್! ಕಾಲು ಕೆಟ್ಟುಹೋಗೋ ಹಂಗೆ ಓಡು!"

ಎಂಥ ತಾಯಿ ಇವಳು ಎಂದು ಬೇಲಿಯುದ್ದಕ್ಕೂ ಎಲ್ಲರೂ ತಿರುಗಿ ನೋಡಿದರು.