ಅಣ್ಣನ ಗ್ರೂಪ್ ಫೋಟೊ

ಎರಡು ವರ್ಷ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು ಒಮ್ಮೆಯೂ ಬಾರದ ವಾದಿರಾಜ, ಆಕೆಯ ವೈಕುಂಠ ಸಮಾರಾಧನೆಗೆ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಬಂದಿಳಿದ. ಊಟವಾದ ಮೇಲೆ ತಾಯಿಯ ಪಟದ ಪಕ್ಕ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಮ್ಮನನ್ನು ಕರೆದ.

"ಶ್ರೀಪತಿ, ನಿನ್ನ ಆ ಹಳೇ ಫಿಲ್ಮ್ ಕ್ಯಾಮೆರಾದಲ್ಲಿ ಒಂದು ತೆಗಿ. ಈಗ ಅದೇ ಫ್ಯಾಷನ್ನಂತೆ. ಸ್ಟುಡಿಯೋ ಮುಚ್ಚಿದ ಮೇಲೆ ನಿನಗೂ ಬೇರೆ ಕೆಲಸ ಇಲ್ವಲ್ಲ."

ಶ್ರೀಪತಿ ಬೀರುವಿನಿಂದ ಕ್ಯಾಮೆರಾ ತಂದ. ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ಗಾಜಿನ ಮೇಲೆ ವರ್ಷಗಳ ಧೂಳು ಕೂತಿತ್ತು. ಕಿಟಕಿಯ ಬಳಿ ಕುಳಿತು ಊದಿದ, ಸಣ್ಣ ಬ್ರಷ್ಷಿನಿಂದ ಮೂಲೆಗಳನ್ನು ಕೆದಕಿದ, ಮೆತ್ತನೆಯ ಬಟ್ಟೆಯಿಂದ ನಿಧಾನವಾಗಿ ಒರೆಸಿದ.

"ಆ ಧೂಳು ಫೋಟೋದಲ್ಲಿ ಬೀಳಲ್ಲ ಅಂತ ನಂಗೂ ಗೊತ್ತು ಕಣೋ. ಬೇಗ ಆಗ್ಲಿ," ಎಂದ ಅಣ್ಣ.

"ಬೀಳಲ್ಲ ನಿಜ. ನನ್ನ ಕಣ್ಣಿಗೆ ಅಡ್ಡ ಬರತ್ತೆ."

ಕೊನೆಗೂ ಕ್ಯಾಮೆರಾ ಕಣ್ಣಿಗೆ ಹಿಡಿದ. ಅತ್ತಿಗೆ ಸೆರಗು ಸರಿಮಾಡಿಕೊಂಡು ನಕ್ಕಳು.

"ನಗಬೇಡಿ ಅತ್ತಿಗೆ. ಅಮ್ಮ ಹೋಗಿದಾರೆ."

ಅವಳು ತಕ್ಷಣ ಮುಖ ಬಾಡಿಸಿಕೊಂಡಳು. ವಾದಿರಾಜ ಕರ್ಚೀಫು ತೆಗೆದು ಒಣ ಕಣ್ಣುಗಳನ್ನು ಒರೆಸಿಕೊಂಡ. ಶ್ರೀಪತಿ ಅವರನ್ನು ಹಾಗೆಯೇ ಬಹಳ ಹೊತ್ತು ನಿಲ್ಲಿಸಿ, ಒಂದೊಂದೇ ಮುಖವನ್ನು ನೋಡಿ, ಆಮೇಲೆ ಗುಂಡಿ ಒತ್ತಿದ.

"ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಕಳಿಸು. ಮನೆಗೆ ಬಂದವ್ರು ನೋಡೋ ಹಾಗೆ ಗೋಡೆಗೆ ಹಾಕ್ತೀನಿ," ಎಂದು ಹೇಳಿ ಅಣ್ಣ ಹೊರಟ.

ಕಾರು ತಿರುವು ದಾಟಿದ ಮೇಲೆ ಶ್ರೀಪತಿಯ ಹೆಂಡತಿ ಪದ್ಮಿನಿ ಕೇಳಿದಳು.

"ಫಿಲ್ಮ್ ಯಾವಾಗ ತಂದ್ರಿ?"

"ತಂದಿಲ್ಲ," ಎಂದ ಶ್ರೀಪತಿ. "ಇದ್ದಿದ್ರೂ ಇವರ ಮೇಲೆ ದಂಡ ಮಾಡ್ತಿರ್ಲಿಲ್ಲ."