ಶಂಕ್ರಮ್ಮನ ಹೊಗೆಪೆಟ್ಟಿಗೆ

ಬಸ್ಸು ಹೊನ್ನಾಳಿ ಮುಟ್ಟುವ ಮೊದಲೇ ಶಂಕ್ರಮ್ಮ ಹಣೆಯ ವಿಭೂತಿ ಒರೆಸಿಕೊಂಡಳು. ಕೊರಳ ಲಿಂಗವನ್ನು ಕುಪ್ಪಸದೊಳಗೆ ಸರಿಸಿದಳು. ಸೆರಗನ್ನು ತಲೆತುಂಬ ಹೊದ್ದು ಮಾಲತೇಶನ ಮಿಕ್ಸಿ ಅಂಗಡಿಗೆ ಕಾಲಿಟ್ಟಳು. ತನ್ನೂರು ನ್ಯಾಮತಿಯಲ್ಲಾಗಿದ್ದರೆ ಅರ್ಧ ತಾಸಿನಲ್ಲಿ ಊರಿಗೆಲ್ಲ ಸುದ್ದಿ. ಇಲ್ಲಿ ಅವಳನ್ನು ಬಲ್ಲವರಿಲ್ಲ.

"ಮಾಂಸಕ್ಕೆ ಹೊಗೆ ಕೊಡೋ ಕರೆಂಟಿನ ಪೆಟ್ಟಿಗೆ ಐತಂತಲ್ಲ," ಎಂದಳು. "ಏನೂ ಗೊತ್ತಿಲ್ಲದೋರಿಗೂ ಮಾಡಾಕೆ ಬರೋವಂಥದ್ದು ಕೊಡ್ರಿ. ರೇಟು ಕಮ್ಮಿ ಇರ್ಲಿ."

ಡಾಬಾದವರಿಗೆಂದು ತರಿಸಿದ್ದ ಮೂರು ಪೆಟ್ಟಿಗೆಗಳನ್ನು ಮಾಲತೇಶ್ ತೋರಿಸಿದ. ಒಂದು ಬೀರುವಿನಷ್ಟು ದೊಡ್ಡದು. ಇನ್ನೊಂದಕ್ಕೆ ಮೊಬೈಲಿನಿಂದಲೇ ಹೇಳಿದರೆ ಸಾಕಂತೆ. ಆ ಸಡಗರವೆಲ್ಲ ಯಾರಿಗೆ ಬೇಕು! ಮೂರನೆಯದು ಸಣ್ಣದು. ತಿರುಗಿಸಲು ಒಂದೇ ಗುಂಡಿ, ಮರದ ಚಕ್ಕೆ ಹಾಕಲು ಒಂದು ತಟ್ಟೆ. ಒಳಗಿಟ್ಟು ಬಾಗಿಲು ಹಾಕಿ ಐದು ತಾಸು ಮರೆತುಬಿಡಿ ಎಂದ ಅವನು. ಶಂಕ್ರಮ್ಮ ಅದನ್ನೇ ಗೋಣಿಚೀಲದಲ್ಲಿ ಸುತ್ತಿಸಿಕೊಂಡಳು.

ಕಟ್ಟಿಗೆ ಒಲೆ ಹೂಡಿದರೆ ಹೊಗೆ ಬೀದಿಗೆ ಕಾಣುತ್ತದೆ. ಅದರ ಮುಂದೆ ಕೂತು ಹದ ನೋಡಬೇಕು. ಮಾಂಸದ ಹದ ಅವಳಿಗೆಲ್ಲಿ ಗೊತ್ತು? ಐವತ್ತೆಂಟು ವರ್ಷದಲ್ಲಿ ಮೊಟ್ಟೆಯನ್ನೂ ಮುಟ್ಟಿದವಳಲ್ಲ.

ಮಾಡದೆ ಬೇರೆ ದಾರಿಯೂ ಇರಲಿಲ್ಲ. ಸೊಸೆ ಧನುಶ್ರೀಗೆ ನಾಲ್ಕನೇ ತಿಂಗಳು. ಹನ್ನೆರಡು ದಿನದಿಂದ ಗಂಜಿಯೂ ನಿಲ್ಲುತ್ತಿರಲಿಲ್ಲ, ಕುಡಿದ ನೀರೂ ವಾಪಸು. ಸಲೈನ್ ಹಾಕಿಸಿಕೊಂಡು ಬಂದದ್ದೇ ಎರಡು ಸಲ. ಹೀಗೇ ಆದರೆ ಕೂಸಿನ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರಮ್ಮ ಶಂಕ್ರಮ್ಮನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು.

ಮೊನ್ನೆ ಅರೆನಿದ್ದೆಯಲ್ಲಿ ಹುಡುಗಿ ಅತ್ತೆಯ ಕೈ ಹಿಡಿದುಕೊಂಡಿತ್ತು. "ಅವ್ವ ಅಟ್ಟದ ಮ್ಯಾಲೆ ಹೊಗೆಗೆ ಇಡ್ತಿದ್ಲಲ್ಲ, ಅದೊಂದು ಚೂರು ಬಾಯಾಗೆ ಇಟ್ಕೋಬೇಕು ಅನ್ನಿಸ್ತೈತೆ ಅತ್ತೆ."

ಹಡೆದವ್ವ ತೀರಿಕೊಂಡು ವರ್ಷವಾಗಿತ್ತು. ಯಾವುದು ಎಂದು ಶಂಕ್ರಮ್ಮ ಕೇಳಲಿಲ್ಲ. ಕೇಳುವುದೇನಿದೆ? ಜಗಳೂರಿನ ಹುಡುಗಿ, ಜಾತಿ ಬೇರೆ. ಮಗ ಕಲ್ಲೇಶ್ ಪ್ರೀತಿಸಿ ಕಟ್ಟಿಕೊಂಡು ಬಂದಾಗ ಗಂಡ ಕೊಟ್ರಬಸಪ್ಪ ಹಾಕಿದ್ದು ಒಂದೇ ಷರತ್ತು, ಆ ವಾಸನೆ ಈ ಹೊಸ್ತಿಲು ದಾಟಕೂಡದು. ಎರಡು ವರ್ಷದಲ್ಲಿ ಹುಡುಗಿ ಒಮ್ಮೆಯೂ ಬೇಕೆಂದಿರಲಿಲ್ಲ. ಮೂರು ಹೊತ್ತೂ ರೊಟ್ಟಿ ಪಲ್ಯ, ಶನಿವಾರ ಒಪ್ಪತ್ತಿದ್ದು ಹನುಮಪ್ಪನ ಗುಡಿ. ಎಷ್ಟು ಬಿಗಿಹಿಡಿದುಕೊಂಡಿದೆಯೋ ಪಾಪ ಎಂದು ಶಂಕ್ರಮ್ಮನ ಕರುಳು ಚುರುಕ್ಕೆಂದಿತ್ತು. ಲಾರಿ ತೆಗೆದುಕೊಂಡು ಗುಜರಾತಿಗೆ ಹೋಗಿದ್ದ ಕಲ್ಲೇಶನಿಗೂ ಅವಳು ಬಾಯಿ ಬಿಡಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬೀಗರನ್ನು ಕೇಳೋಣವೆಂದರೆ ಮದುವೆಯಾದಾಗಿನಿಂದ ಎರಡು ಮನೆಗೂ ಮಾತಿಲ್ಲ.

ಮರುದಿನ ಕೊಟ್ರಬಸಪ್ಪ ಚನ್ನಗಿರಿ ಮಂಡಿಗೆ ಹೊರಟಿದ್ದೇ ತಡ, ಶಂಕ್ರಮ್ಮ ಮತ್ತೆ ಹಣೆ ಒರೆಸಿಕೊಂಡು ಹೊನ್ನಾಳಿ ಬಸ್ಸು ಹತ್ತಿ, ಕೈಚೀಲ ಹಿಡಿದು ಅಲ್ಲಿಯ ಮಾಂಸದಂಗಡಿಯ ಮುಂದೆ ನಿಂತಳು. ಕಣ್ಣು ಮುಚ್ಚಿಕೊಂಡೇ ಚೀಲ ಒಡ್ಡಿದಳು. ಹಿತ್ತಲ ಖಾಲಿ ಕೊಟ್ಟಿಗೆಯಲ್ಲಿ ಉಪ್ಪು ಖಾರ ಸವರುವಾಗ ಎರಡು ಸಲ ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಶಿವನೇ, ಪಾಪವೆಲ್ಲ ನನಗಿರಲಿ, ಕೂಸು ಉಳಿಯಲಿ ಎಂದು ಗುಂಡಿ ತಿರುಗಿಸಿದಳು. ಮನೆಯೊಳಗೆ ಲೋಬಾನ ಹಾಕಿದಳು.

ಐದು ತಾಸಿಗೆ ಬಾಗಿಲು ತೆಗೆದಳು. ಕಂದು ಬಣ್ಣಕ್ಕೆ ತಿರುಗಿ, ಹೊಗೆ ಹೀರಿ, ಮೆತ್ತಗಾಗಿತ್ತು. ಸೊಸೆಯ ಮುಂದೆ ತಟ್ಟೆ ಇಟ್ಟು, "ನಿಮ್ಮವ್ವ ಮಾಡಿದಂಗೆ ಆಗೈತೋ ಇಲ್ವೋ, ತಿನ್ನು ತಾಯಿ," ಎಂದಳು.

ಧನುಶ್ರೀ ತಟ್ಟೆ ನೋಡಿದಳು. ಅತ್ತೆಯ ಬೋಳು ಹಣೆ ನೋಡಿದಳು. ಖಾರ ಹತ್ತಿ ಕೆಂಪಾದ ಬೆರಳುಗಳನ್ನು ನೋಡಿದಳು.

"ನೀವೇ ಮುಟ್ಟಿ ಮಾಡಿದ್ರಾ ಅತ್ತೆ?"

"ಹೂಂ. ನೀನು ಉಳಿದ್ರೆ ಸಾಕು."

ಹುಡುಗಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿತು. ಆಮೇಲೆ ಕಣ್ಣು ಮುಚ್ಚಿ ಒಂದು ಚೂರು ಬಾಯಿಗಿಟ್ಟು, ಅಗಿಯದೆ ಮಜ್ಜಿಗೆ ಕುಡಿದು ನುಂಗಿತು. ಇನ್ನೊಂದು. ಮತ್ತೊಂದು. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಅವ್ವನ ನೆನಪು ಎಂದುಕೊಂಡು ಶಂಕ್ರಮ್ಮ ಬೆನ್ನು ಸವರಿದಳು. ತಟ್ಟೆ ಖಾಲಿಯಾಯಿತು. ಆ ದಿನ ವಾಂತಿಯಾಗಲಿಲ್ಲ. ಮರುದಿನ ಗಂಜಿ ನಿಂತಿತು, ಮೂರನೇ ದಿನ ಅರ್ಧ ರೊಟ್ಟಿ.

ವಾರ ಕಳೆದ ಮೇಲೆ ಧನುಶ್ರೀಯ ದೊಡ್ಡವ್ವ ಕೆಂಪಕ್ಕ, ಹುಡುಗಿಗೆ ಹುಷಾರಿಲ್ಲವೆಂದು ಯಾರಿಂದಲೋ ಕೇಳಿ, ಜಗಳೂರಿನಿಂದ ಬಸ್ಸು ಹತ್ತಿ ಬಂದಳು. ಧನುಶ್ರೀ ಸ್ನಾನಕ್ಕೆ ಹೋಗಿದ್ದಳು. ಶಂಕ್ರಮ್ಮ ಬೀಗಿತ್ತಿಯನ್ನು ಅಡುಗೆಮನೆಗೆ ಕರೆದು, ಯಾರಿಗೂ ಹೇಳದಿದ್ದುದನ್ನು ಪಿಸುಗುಟ್ಟಿದಳು. ಪೆಟ್ಟಿಗೆ ತಂದದ್ದು, ಮಾಂಸ ತಂದದ್ದು, ಸೊಸೆ ತಟ್ಟೆ ಖಾಲಿ ಮಾಡಿದ್ದು, ಎಲ್ಲ. ಹೇಳುವಾಗ ಅವಳಿಗೆ ಹೆಮ್ಮೆಯೂ ಇತ್ತು. ನಿಮಗೂ ಮಾಡಿಕೊಡುತ್ತೇನೆ, ಉಂಡೇ ಹೋಗಬೇಕು ಎಂದಳು.

ಕೆಂಪಕ್ಕ ತಂದಿದ್ದ ಕೈಚೀಲ ಬಿಚ್ಚಿದಳು. ಅಟ್ಟದ ಹೊಗೆಯಲ್ಲಿ ಒಣಗಿ ಕಪ್ಪಗಾದ ನಾಲ್ಕು ಕೊಬ್ಬರಿ ಬಟ್ಟಲು ಹೊರಗೆ ಬಂದವು. ಸಂತೇಬೆನ್ನೂರಿನ ತನ್ನ ತವರಿನ ಅಟ್ಟದಲ್ಲೂ ಇಂಥವೇ ಇರುತ್ತಿದ್ದವೆಂದು ಶಂಕ್ರಮ್ಮನಿಗೆ ಆಗ ನೆನಪಾಯಿತು.

"ಸಣ್ಣಾಕಿ ಇದ್ದಾಗಿಂದ ಇದರ ಚೂರಿಗೇ ಅವಳು ಜೀವ ಬಿಡೋದು," ಎಂದಳು ಕೆಂಪಕ್ಕ ಮೆಲ್ಲಗೆ. "ಹನುಮಪ್ಪಗೆ ನಡ್ಕೊಳ್ಳೋ ಮನಿ ನಮ್ದು, ಬೀಗಿತ್ತಿ. ಮೂರು ತಲೆಮಾರಾತು, ನಮ್ಮಾಗೆ ಯಾರೂ ಬಾಡು ತಿಂದಿಲ್ಲ."