ಬಿಸಿಲಿಗೆ ನೀಲಿಯಾದ ಎಲುಬು

ಕಾಲೇಜಿನ ಲ್ಯಾಬಿನಲ್ಲಿ ವಿವಿಯನೈಟ್ ಖನಿಜದ ಡಬ್ಬಿ ತೆರೆದಾಗಲೆಲ್ಲ ಬಾಳೂರಿನ ಜೌಗುಮಣ್ಣಿನ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ.

ನಾನು ಚಿಕ್ಕವಳಿದ್ದಾಗಿನ ಒಂದು ಮಧ್ಯಾಹ್ನ, ಲೆಕ್ಕ ಬರೆಯುವ ರೈಟರು ಬೇಡವೆಂದರೂ ಕೇಳದೆ, ಎಸ್ಟೇಟಿನ ಸಾಹುಕಾರರು ಜೌಗಿನಲ್ಲೇ ಕೆರೆ ತೋಡಿಸುತ್ತಿದ್ದರು. ಆಳುದ್ದದ ಗುಂಡಿಯಿಂದ ದನದ ಎಲುಬು ಬಂತು, ಜೊತೆಗೆ ಕೆಲವು ವರ್ಷಗಳ ಹಿಂದೆ ಕಾಣೆಯಾಗಿದ್ದ ನಮ್ಮ ಹಸು ಕೌಲಿಯ ಕೊರಳಗಂಟೆ. ಅವಳನ್ನು ಹುಲಿ ಹಿಡಿಯಿತೆಂದು ಹೇಳಿದ್ದವರು ಇದೇ ರೈಟರು.

ಎಲುಬಿಗೆ ಸುಣ್ಣದಂಥ ಬಿಳಿ ಪುಡಿ ಮೆತ್ತಿತ್ತು. ಬಿಸಿಲಿಗಿಟ್ಟ ಸ್ವಲ್ಪ ಹೊತ್ತಿಗೆ ಅದು ನೀಲಿಗೆ ತಿರುಗಿತು.

"ವಿಷ ಮಾರಾಯ! ಎಲುಬಿಗೇ ಇಳಿದಿದೆ," ಎಂದು ಮೇಸ್ತ್ರಿ ಹಿಂದೆ ಸರಿದ.

ಅಜ್ಜಿ ಗಂಟೆಯ ಕೆಸರನ್ನು ಸೆರಗಿನಿಂದ ಒರೆಸಿದಳು. "ರೈಟ್ರೇ, ಹುಲಿ ತಿಂದ್ಮೇಲೆ ಗುಂಡಿ ತೋಡಿ ಮಣ್ಣೂ ಮುಚ್ಚುತ್ತಾ?"

ಅಜ್ಜಿ ತನ್ನ ಕೈಯಾರೆ ಆ ಎಲುಬನ್ನು ರೈಟರ ಮನೆಯ ಗೇಟಿಗೆ ಕಟ್ಟಿದಳು. ವಿಷದ ಭಯಕ್ಕೆ ಯಾರೂ ಬಿಚ್ಚಲಿಲ್ಲ. ದಿನದಿನಕ್ಕೆ ಅದು ಕಪ್ಪಾಗುತ್ತ ಹೋಯಿತು. ಊರಿನವರು ಯಾರೂ ಅವರ ಮನೆಯಲ್ಲಿ ನೀರು ಮುಟ್ಟಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಅವರು ಊರು ಬಿಟ್ಟರು.

ಕಬ್ಬಿಣದಂಶವಿರುವ ಕೆಸರಿನಲ್ಲಿ ಹೂತ ಎಲುಬಿನ ಮೇಲೆ ವಿವಿಯನೈಟ್ ಎಂಬ ಈ ಫಾಸ್ಫೇಟ್ ತಾನಾಗಿ ಹುಟ್ಟುತ್ತದೆ, ಗಾಳಿ ಬೆಳಕು ತಾಗಿದರೆ ನೀಲಿಯಾಗುತ್ತದೆ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಮೊನ್ನೆ ರೈಟರ ಮಗ ಫೋನ್ ಮಾಡಿದ್ದ. "ಅಕ್ಕ, ಅಪ್ಪ ನಿಜವಾಗ್ಲೂ ವಿಷ ಹಾಕಿದ್ರಾ?"

ಕೌಲಿಯ ಗಂಟೆ ನನ್ನ ಮೇಜಿನ ಮೇಲೇ ಇತ್ತು.

"ಎಲುಬು ನೀಲಿಯಾಗಿದ್ದನ್ನ ಕಣ್ಣಾರೆ ಕಂಡಿದ್ದೀನಿ," ಎಂದೆ.